ಸಾವಿನ ಬಗ್ಗೆ ಲ್ಯಾಟಿನ್ ಮಾತು ಕಂಡರೆ ಓದುವುದು ಹೇಗೆ, ಬಳಸುವುದು ಹೇಗೆ

ಹಚ್ಚೆ ಹಾಕಿಸಿಕೊಳ್ಳುವ ಮುಂಚೆ, ಸಮಾಧಿಗೆ ಕಲ್ಲು ಕೆತ್ತಿಸುವ ಮುಂಚೆ ಕೆಲವರು ನನಗೊಂದು ಲ್ಯಾಟಿನ್ ಸಾಲು ಕಳಿಸಿ, ಕಾಗುಣಿತ ಸರಿಯಿದೆಯೇ, ಅರ್ಥವೇನು ಎಂದು ಕೇಳುತ್ತಾರೆ. ಕಾಗುಣಿತ ನೋಡುವುದು ಎರಡು ನಿಮಿಷದ ಕೆಲಸ. ಅರ್ಥ ಯಾವ ನಿಘಂಟಿನಲ್ಲಾದರೂ ಸಿಗುತ್ತದೆ. ನಾನು ತಿರುಗಿ ಕೇಳುವುದು ಮೂರು ಪ್ರಶ್ನೆ: ಈ ಮಾತು ಆಡುತ್ತಿರುವವರು ಯಾರು? ಯಾರಿಗೆ ಆಡುತ್ತಿದ್ದಾರೆ? ಎಲ್ಲಿ ನಿಂತು ಆಡುತ್ತಿದ್ದಾರೆ? ಸಾವಿನ ಬಗ್ಗೆ ಲ್ಯಾಟಿನ್‌ನಲ್ಲಿ ಉಳಿದುಬಂದಿರುವುದೆಲ್ಲ ಹೆಚ್ಚುಕಮ್ಮಿ ಒಬ್ಬರು ಇನ್ನೊಬ್ಬರಿಗೆ ಆಡಿದ ಮಾತು. ಸತ್ತವನು ದಾರಿಹೋಕನಿಗೆ, ಸಹೋದರನಿಗಾಗಿ ಸಹೋದರ, ಕೈದಿಗಳು ಚಕ್ರವರ್ತಿಗೆ, ಗಡಿಯಾರ ತನ್ನ ಕೆಳಗೆ ನಿಂತವರಿಗೆ. ಆಡಿದವರನ್ನೂ ಕೇಳಿದವರನ್ನೂ ಬಿಟ್ಟು ಬರೀ ಸಾಲನ್ನು ಕಿತ್ತು ತಂದರೆ ಉಳಿಯುವುದು ಗಂಭೀರವಾಗಿ ಕೇಳಿಸುವ ನಾಲ್ಕು ಪದ, ಅಷ್ಟೇ.

ಉಚ್ಚಾರದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು ಲ್ಯಾಟಿನ್ ಕಲಿಯುವುದು ಇಂಗ್ಲಿಷ್ ದಾರಿಯಲ್ಲಿ, ಹಾಗಾಗಿ ‘ಟ’, ‘ಡ’ ಎಂದು ಓದುತ್ತೇವೆ. ರೋಮನ್ನರ ಅಕ್ಷರ ಹಲ್ಲಿಗೆ ತಾಗುವ ‘ತ’, ‘ದ’. ಒತ್ತಕ್ಷರವನ್ನು ಒತ್ತಿಯೇ ಹೇಳುತ್ತಿದ್ದರು, ದೀರ್ಘವನ್ನು ಎಳೆದೇ ಹೇಳುತ್ತಿದ್ದರು. ಇವೆಲ್ಲ ನಮ್ಮ ನಾಲಿಗೆಗೆ ಹುಟ್ಟಿನಿಂದ ಬಂದಿರುವುದರಿಂದ ‘ಮೆಮೆಂತೋ ಮೊರೀ’ ಎಂದೇ ಓದಿ, ‘ಮೆಮೆಂಟೊ’ ಬೇಡ. ಚರ್ಚಿನ ಲ್ಯಾಟಿನ್‌ನಲ್ಲಿ ಮಾತ್ರ ಕೆಲವು ‘ಕ’ಕಾರಗಳು ‘ಚ’ ಆಗುತ್ತವೆ. ಶಾಂತಿಯಲ್ಲಿ ವಿಶ್ರಮಿಸಲಿ ಎನ್ನುವ ‘ರೆಕ್ವಿಯೆಸ್ಕಾತ್ ಇನ್ ಪಾಚೆ’ ಅಲ್ಲಿಯದು. ನಮ್ಮ ಕಾಲದ ಆರ್.ಐ.ಪಿ. ಅದರದೇ ಮೊದಲಕ್ಷರಗಳು.

ಕಲ್ಲಿನಿಂದ ಶುರು ಮಾಡಿ

ಪ್ರಸಿದ್ಧ ಉಕ್ತಿಗಳಿಂದ ಶುರು ಮಾಡಬೇಡಿ. ಮೊದಲು ಸಾಮಾನ್ಯರ ಸಮಾಧಿ ಕಲ್ಲುಗಳನ್ನು ಓದುವುದು ರೂಢಿಯಾಗಲಿ. ಯಾರು, ಯಾರಿಗೆ, ಎಲ್ಲಿ ಎಂಬ ಮೂರಕ್ಕೂ ಕಲ್ಲಿನ ಮೇಲೇ ಉತ್ತರ ಇರುತ್ತದೆ. ರೋಮನ್ನರ ಅತಿ ಹಳೆಯ ಕಾನೂನಾದ ಹನ್ನೆರಡು ಫಲಕಗಳಲ್ಲಿ, ಸತ್ತವರನ್ನು ನಗರದೊಳಗೆ ಹೂಳಬಾರದು, ಸುಡಲೂಬಾರದು ಎಂಬ ನಿಯಮವಿತ್ತು. ಹಾಗಾಗಿ ಸಮಾಧಿಗಳೆಲ್ಲ ಊರ ಬಾಗಿಲಿನಾಚೆ, ಹೆದ್ದಾರಿಯ ಎರಡೂ ಮಗ್ಗುಲಿಗೆ ಸಾಲುಗಟ್ಟಿದವು. ಕ್ರಿ.ಪೂ. 312ರಲ್ಲಿ ಶುರುವಾದ ಅಪ್ಪಿಯನ್ ರಸ್ತೆಯಲ್ಲಿ ಇವತ್ತಿಗೂ ಅವು ನಿಂತಿವೆ. ರೋಮನ್ ಸಮಾಧಿಗಳು ಮತ್ತೆಮತ್ತೆ ‘ವಿಯಾತೊರ್’, ಅಂದರೆ ದಾರಿಹೋಕನೇ, ಎಂದು ಕರೆಯುವುದಕ್ಕೆ ಇದೇ ಕಾರಣ. ಎದುರಿಗೆ ನಿಜವಾಗಿಯೂ ದಾರಿ ಇತ್ತು, ಅಲ್ಲಿ ನಿಜವಾಗಿಯೂ ಜನ ನಡೆದು ಹೋಗುತ್ತಿದ್ದರು.

ಒಂದು ಕಲ್ಲಿನ ಸ್ಪಷ್ಟವಾದ ಫೋಟೋ ತೆಗೆದುಕೊಳ್ಳಿ. ನಾನು ಚೌಕುಳಿ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಅಕ್ಷರಕ್ಕೊಂದು ಚೌಕದಂತೆ, ಸಾಲು ಎಲ್ಲಿ ಒಡೆದಿದೆಯೋ ಅಲ್ಲೇ ಒಡೆದು ನಕಲು ಮಾಡಿಕೊಳ್ಳುತ್ತೇನೆ. ಅರ್ಥ ಆಮೇಲೆ ನೋಡಿದರಾಯಿತು. ಪದಗಳ ನಡುವೆ ಜಾಗ ಇರುವುದಿಲ್ಲ, ಸಾಲಿನ ನಡುಮಟ್ಟದಲ್ಲಿ ಚಿಕ್ಕ ತ್ರಿಕೋನದಂಥ ಚುಕ್ಕೆ ಇರುತ್ತದೆ, ಕೆಲವು ಕಡೆ ಅದೂ ಇರುವುದಿಲ್ಲ. ‘ಯು’ ಮತ್ತು ‘ವಿ’ ಎರಡಕ್ಕೂ ಒಂದೇ ಆಕಾರ. ನಕಲು ಮಾಡುವಾಗ ಕೈಗೆ ಗೊತ್ತಾಗುವ ಸಂಗತಿಗಳು ಕಣ್ಣಿಗೆ ಗೊತ್ತಾಗುವುದಿಲ್ಲ. ಜಾಗ ಸಾಲದೆ ಕೊನೆಯ ಅಕ್ಷರಗಳನ್ನು ಒತ್ತೊತ್ತಾಗಿ ತುರುಕಿದ್ದು, ಎರಡು ಅಕ್ಷರ ಒಂದೇ ಕಾಲಿನ ಮೇಲೆ ನಿಂತಿದ್ದು ಎಲ್ಲವೂ ಪೆನ್ಸಿಲ್ಲಿಗೇ ಸಿಗುವುದು.

ಈಗ ನಾಲ್ಕು ವಿಷಯ ಹುಡುಕಿ.

ಮೊದಲನೆಯದು ತಲೆಬರಹ ಅಥವಾ ಕೊನೆಯ ಸಾಲು. ಮೇಲ್ಗಡೆ ಡಿ.ಎಂ. ಇದ್ದರೆ ಅದು ‘ದೀಸ್ ಮಾನಿಬುಸ್’, ಗತಿಸಿದವರ ದೈವಗಳಿಗೆ ಎಂದರ್ಥ. ಕೊನೆಯಲ್ಲಿ ಎಚ್.ಎಸ್.ಇ. ಇದ್ದರೆ ‘ಹೀಕ್ ಸಿತುಸ್ ಎಸ್ತ್’, ಇವನು ಇಲ್ಲಿ ಇದ್ದಾನೆ. ಹೆಂಗಸಾದರೆ ‘ಸಿತ’. ಡಿ.ಎಂ. ಇಲ್ಲದೆ ಬರೀ ಎಚ್.ಎಸ್.ಇ. ಮಾತ್ರ ಇರುವ ಕಲ್ಲು ಸಾಮಾನ್ಯವಾಗಿ ಹಳೆಯದು, ಕ್ರಿ.ಶ. 1ನೇ ಶತಮಾನದ ಆಸುಪಾಸು. ಡಿ.ಎಂ. ಬಳಕೆ ಆ ಶತಮಾನ ಮುಗಿಯುತ್ತಾ ಬಂದ ಮೇಲೆ ಎಲ್ಲೆಡೆ ಹಬ್ಬಿತು.

ಎರಡನೆಯದು ಹೆಸರಿನ ವಿಭಕ್ತಿ. ಪ್ರಥಮೆಯಲ್ಲಿದ್ದರೆ ‘ಇಂಥವನು ಇಲ್ಲಿದ್ದಾನೆ’. ಷಷ್ಠಿಯಲ್ಲಿದ್ದರೆ ‘ಇಂಥವನ ದೈವಗಳಿಗೆ’. ಚತುರ್ಥಿಯಲ್ಲಿದ್ದರೆ ‘ಇಂಥವನಿಗೆ’ ಯಾರೋ ಮಾಡಿಸಿದ್ದು. ವಿಭಕ್ತಿ ಎಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಕನ್ನಡದಲ್ಲಿ ದಿನಾ ಬಳಸುವುದೇ.

ಮೂರನೆಯದು ವಯಸ್ಸು. ‘ವೀಕ್ಸಿತ್ ಅನ್ನೀಸ್’ ಎಂದರೆ ಇಷ್ಟು ವರ್ಷ ಬದುಕಿದ. ಇಲ್ಲಿ ಸ್ವಲ್ಪ ನಿಲ್ಲಿ. ದೊಡ್ಡವರ ವಯಸ್ಸು ತುಂಬ ಸಲ 30, 40, 50 ಎಂದು ದುಂಡಗೆ ಇರುತ್ತದೆ, ಹುಟ್ಟಿದ ವರ್ಷವನ್ನು ಎಷ್ಟೋ ಜನ ಲೆಕ್ಕ ಇಟ್ಟುಕೊಂಡಿರಲಿಲ್ಲ. ಮಕ್ಕಳ ಕಲ್ಲಿಗೆ ಬಂದರೆ ವರ್ಷ, ತಿಂಗಳು, ದಿನ, ಕೆಲವು ಕಡೆ ಗಂಟೆಯೂ ಇರುತ್ತದೆ. ಆ ಅಂಕೆಗಳನ್ನು ದಾಟಿಕೊಂಡು ಮುಂದಿನ ಸಾಲಿಗೆ ಓಡಬೇಡಿ. ದಿನ ಎಣಿಸಿದವರು ಯಾರು ಎಂದು ಕೇಳಿಕೊಳ್ಳಿ.

ನಾಲ್ಕನೆಯದು ಕಲ್ಲು ನೆಡಿಸಿದವರು. ರೋಮನ್ ಸಮಾಧಿಯಲ್ಲಿ ಇವರ ಹೆಸರು ಸತ್ತವರ ಹೆಸರಿನಷ್ಟೇ ಮುಖ್ಯ. ಎಫ್.ಸಿ. ಎಂದರೆ ಮಾಡಿಸುವ ಹೊಣೆ ಹೊತ್ತರು, ಅದಕ್ಕೆ ಮುಂಚೆ ಎಚ್. ಇದ್ದರೆ ಹೊಣೆ ಹೊತ್ತದ್ದು ವಾರಸುದಾರ. ಬಿ.ಎಂ. ಎಂದರೆ ಇದಕ್ಕೆ ತಕ್ಕವರಿಗೆ, ವಿ.ಎಫ್. ಎಂದರೆ ಬದುಕಿದ್ದಾಗಲೇ ತಾನೇ ಮಾಡಿಸಿಕೊಂಡದ್ದು.

ಮೂರು ಕಲ್ಲುಗಳು

ಅಭ್ಯಾಸಕ್ಕೆ ಇಂಗ್ಲೆಂಡಿನ ಕಾಲ್ಚೆಸ್ಟರ್ ಊರಿನ ವಸ್ತುಸಂಗ್ರಹಾಲಯದಲ್ಲಿರುವ ಫಕಿಲಿಸ್‌ನ ಕಲ್ಲು ಒಳ್ಳೆಯದು. 1868ರಲ್ಲಿ ಸಿಕ್ಕಿದ್ದು. ಮೇಲೆ ಅವನ ಪೂರ್ಣಾಕೃತಿ, ಕೈಯಲ್ಲಿ ಶತಾಧಿಪತಿಗಳು ಹಿಡಿಯುವ ದ್ರಾಕ್ಷಿಬಳ್ಳಿಯ ಕೋಲು. ಕೆಳಗೆ ನಾಲ್ಕೇ ಸಾಲು: ಮಾರ್ಕುಸ್ ಫವೋನಿಯುಸ್ ಫಕಿಲಿಸ್, ಮಾರ್ಕುಸ್‌ನ ಮಗ, ಪೊಲ್ಲಿಯಾ ಪಂಗಡದವನು, 20ನೇ ಲೀಜನ್ ಎಂಬ ಸೇನಾದಳದ ಶತಾಧಿಪತಿ, ಬಿಡುಗಡೆ ಪಡೆದ ಗುಲಾಮರಾದ ವೆರೆಕುಂದುಸ್ ಮತ್ತು ನೊವಿಕಿಯುಸ್ ನೆಡಿಸಿದರು, ಇವನು ಇಲ್ಲಿದ್ದಾನೆ. ವಯಸ್ಸಿಲ್ಲ, ಹೊಗಳಿಕೆಯಿಲ್ಲ, ಡಿ.ಎಂ. ಇಲ್ಲ. ‘ಶತಾಧಿಪತಿ’ ಎಂಬ ಪದವನ್ನೂ ಬರೆದಿಲ್ಲ, ಅದಕ್ಕೊಂದು ಚಿಹ್ನೆ ಇದೆ. ಮಾತಾಡುತ್ತಿರುವವರು ಯಾರು? ಅವನ ಮನೆಯಲ್ಲಿ ದುಡಿದ ಇಬ್ಬರು. ಅವನಿಗೆ ಹೆಂಡತಿ ಮಕ್ಕಳಿದ್ದರೋ ಇಲ್ಲವೋ ಕಲ್ಲು ಹೇಳುವುದಿಲ್ಲ. ಇವರಿಬ್ಬರು ಇದ್ದರು ಎಂದು ಹೇಳುತ್ತದೆ.

ಎರಡನೆಯದು ಜರ್ಮನಿಯ ಬಾನ್ ನಗರದಲ್ಲಿದೆ, ಸಿಕ್ಕಿದ್ದು ಕ್ಸಾಂಟನ್ ಬಳಿ. ಮಾರ್ಕುಸ್ ಕೈಲಿಯುಸ್, 18ನೇ ಲೀಜನ್ನಿನ ಶತಾಧಿಪತಿ. ಲೀಜನ್ನಿನ ಅಂಕೆಯನ್ನು ನಾವು ಶಾಲೆಯಲ್ಲಿ ಕಲಿತಂತೆ ಬರೆದಿಲ್ಲ, ಇಪ್ಪತ್ತರಲ್ಲಿ ಎರಡು ಕಳೆಯುವಂತೆ ಎಕ್ಸ್-ಐ-ಐ-ಎಕ್ಸ್ ಎಂದಿದೆ. ವಯಸ್ಸಿನ ಮುಂದೆ ಒಂದು ಎಸ್. ಇದೆ, ಅದು ಅರ್ಧ. ಐವತ್ತಮೂರೂವರೆ ವರ್ಷ. ನಂತರ ‘ಕೆಕಿದಿತ್ ಬೆಲ್ಲೋ ವಾರಿಯಾನೋ’, ವಾರುಸ್‌ನ ಯುದ್ಧದಲ್ಲಿ ಬಿದ್ದ. ಕ್ರಿ.ಶ. 9ರಲ್ಲಿ ವಾರುಸ್ ಎಂಬ ಸೇನಾನಿ ಜರ್ಮನಿಯ ಕಾಡಿನಲ್ಲಿ ಮೂರು ಲೀಜನ್ನುಗಳನ್ನು ಕಳೆದುಕೊಂಡ ಯುದ್ಧ ಅದು. ಆಮೇಲೆ ಬರುವ ಮೂರು ಪದಗಳಿಗಾಗಿ ನಾನು ಈ ಕಲ್ಲಿಗೆ ಮತ್ತೆಮತ್ತೆ ಮರಳುತ್ತೇನೆ: ‘ಒಸ್ಸ ಇನ್ಫೆರ್ರೆ ಲಿಕೇಬಿತ್’. ಎಲುಬುಗಳನ್ನು ಇಲ್ಲಿ ಇಡಲು ಅನುಮತಿ ಇರುತ್ತದೆ. ಕಲ್ಲಿನ ಕೆಳಗೆ ಯಾರೂ ಇಲ್ಲ. ದೇಹ ಕಾಡಿನಲ್ಲೇ ಉಳಿಯಿತು. ಮಾಡಿಸಿದವನು ಸಹೋದರ ಪುಬ್ಲಿಯುಸ್ ಕೈಲಿಯುಸ್. ಕಾನೂನಿನ ಭಾಷೆಯ ಒಂದು ಒಣ ವಾಕ್ಯ, ಮುಂದೊಂದು ದಿನ ಬರುವವರಿಗೆ ಜಾಗ ಬಿಟ್ಟಿಟ್ಟಿದೆ. ಕೈಲಿಯುಸ್‌ನ ಎರಡೂ ಬದಿಗೆ ಅವನು ಬಿಡುಗಡೆ ಮಾಡಿದ ಪ್ರಿವಾತುಸ್, ತಿಯಾಮಿನುಸ್ ಇಬ್ಬರ ತಲೆಗಳನ್ನೂ ಕೆತ್ತಿರುವುದರಿಂದ ಆ ಜಾಗ ಅವರ ಎಲುಬುಗಳಿಗಾಗಿ ಎಂದು ಓದುವವರೂ ಇದ್ದಾರೆ.

ಮೂರನೆಯದು ಉತ್ತರ ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನದು, 2ನೇ ಶತಮಾನದ ರೆಗೀನಾಳ ಕಲ್ಲು. ಫೋಟೋ ದೊಡ್ಡದು ಮಾಡಿ ನಿಧಾನವಾಗಿ ನೋಡಿ. ಬೆತ್ತದ ಕುರ್ಚಿಯಲ್ಲಿ ಕೂತ ಹೆಂಗಸು, ಮುಖ ಒಡೆದು ಹೋಗಿದೆ. ಮಡಿಲಲ್ಲಿ ನೂಲುವ ಕದಿರು, ಒಂದು ಬದಿಗೆ ಉಣ್ಣೆ ಉಂಡೆಗಳ ಬುಟ್ಟಿ, ಇನ್ನೊಂದು ಬದಿಗೆ ಒಡವೆಯ ಪೆಟ್ಟಿಗೆ, ಅದರ ಮುಚ್ಚಳವನ್ನು ಅವಳೇ ತೆರೆದು ಹಿಡಿದಿದ್ದಾಳೆ. ಬರಹದಲ್ಲಿ ಡಿ.ಎಂ., ರೆಗೀನಾ, ಬಿಡುಗಡೆ ಪಡೆದವಳು ಮತ್ತು ಹೆಂಡತಿ, ಕತುವೆಲ್ಲೌನಿ ಬುಡಕಟ್ಟಿನವಳು, 30 ವರ್ಷ. ಮಾಡಿಸಿದವನು ಬರಾತೆಸ್, ಸಿರಿಯಾದ ಪಾಲ್ಮೈರಾದವನು. ಅವಳನ್ನು ಗುಲಾಮಗಿರಿಯಿಂದ ಬಿಡಿಸಿ ಮದುವೆಯಾದವನು. ಲ್ಯಾಟಿನ್ ವಿಭಕ್ತಿಗಳು ಇಲ್ಲಿ ತಪ್ಪಿವೆ, ‘ರೆಗೀನಾಳಿಗೆ’ ಎಂದು ಬರಬೇಕಾದಲ್ಲಿ ಪದಗಳು ಬೇರೆ ರೂಪದಲ್ಲಿ ನಿಂತಿವೆ. ಆಮೇಲೆ ಲ್ಯಾಟಿನ್ ಮುಗಿದು, ತಳದಲ್ಲಿ ಪಾಲ್ಮೈರಾದ ಲಿಪಿಯಲ್ಲಿ, ಅವನ ಸ್ವಂತ ಭಾಷೆಯಲ್ಲಿ, ಸಲೀಸಾಗಿ ಹರಿಯುವ ಒಂದು ಸಾಲು: ರೆಗೀನಾ, ಬರಾತೆಸ್ ಬಿಡುಗಡೆ ಮಾಡಿದವಳು, ಅಯ್ಯೋ.

ಆ ಊರಿನಲ್ಲಿ ಪಾಲ್ಮೈರಾದ ಲಿಪಿ ಓದಬಲ್ಲವರು ಎಷ್ಟು ಜನ ಇದ್ದಿರಬಹುದು? ಲ್ಯಾಟಿನ್ ಸಾಲುಗಳು ದಾರಿಹೋಕರಿಗೆ. ಕೆಳಗಿನ ಸಾಲು ಅವಳಿಗೆ, ಅಥವಾ ತನಗೇ. ‘ಯಾರಿಗೆ’ ಎಂಬ ಪ್ರಶ್ನೆ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಕಲ್ಲನ್ನು ತೋರಿಸುತ್ತೇನೆ.

ಕಲ್ಲು ಮಾತಾಡಿಸಿದಾಗ

ಇಷ್ಟು ಓದಲು ಬಂದ ಮೇಲೆ ಮಾತಿನ ರೂಪದ ಸೂತ್ರಗಳಿಗೆ ಬನ್ನಿ. ಎಸ್.ಟಿ.ಟಿ.ಎಲ್. ಎಂದರೆ ‘ಸಿತ್ ತಿಬಿ ತೆರ್ರ ಲೆವಿಸ್’, ಮಣ್ಣು ನಿನಗೆ ಹಗುರವಾಗಿರಲಿ. ಇದನ್ನು ಹೇಳಬೇಕಾದವರು ಓದುಗರು. ಸ್ಪೇನ್ ಕಡೆಯ ಕಲ್ಲುಗಳಲ್ಲಿ ಅದಕ್ಕೆ ಮುಂಚೆ ಟಿ.ಆರ್.ಪಿ.ಡಿ. ಎಂಬ ನಾಲ್ಕು ಅಕ್ಷರವೂ ಸೇರಿಕೊಳ್ಳುತ್ತದೆ: ‘ತೇ ರೊಗೋ ಪ್ರೈತೆರಿಯೆನ್ಸ್ ದೀಕಾಸ್’. ಹಾದು ಹೋಗುವವನೇ, ನಿನ್ನನ್ನು ಬೇಡಿಕೊಳ್ಳುತ್ತೇನೆ, ಹೀಗೆ ಹೇಳು. ರೋಮನ್ನರು ಸಾಮಾನ್ಯವಾಗಿ ಗಟ್ಟಿಯಾಗಿ ಓದುತ್ತಿದ್ದವರು. ಆ ಅಕ್ಷರಗಳನ್ನು ಬಿಡಿಸಿ ಓದಿದವನ ಬಾಯಲ್ಲಿ ಹಾರೈಕೆ ತಾನಾಗಿ ಹೊರಟಿರುತ್ತಿತ್ತು. ನೀವೂ ಗಟ್ಟಿಯಾಗಿಯೇ ಓದಿ.

ಕವಿ ಮಾರ್ಷಿಯಲ್ ಈ ಸೂತ್ರವನ್ನು ತಿರುಗಿಸಿದ ರೀತಿ ನೋಡಿ. ಎರೋತಿಯೋನ್ ಎಂಬ ಪುಟ್ಟ ಗುಲಾಮ ಹುಡುಗಿ, ಇನ್ನು ಆರು ದಿನ ಕಳೆದಿದ್ದರೆ ಆರು ವರ್ಷ ತುಂಬುತ್ತಿತ್ತು. ಕವಿ ತೀರಿಹೋದ ತನ್ನ ತಂದೆ ತಾಯಿಗೆ ಅವಳನ್ನು ಒಪ್ಪಿಸುತ್ತಾನೆ, ಕತ್ತಲೆಗೆ ಹೆದರದಂತೆ ನೋಡಿಕೊಳ್ಳಿ ಎನ್ನುತ್ತಾನೆ. ಕೊನೆಗೆ ಮಣ್ಣಿನ ಕಡೆ ತಿರುಗಿ, ನೀನು ಅವಳಿಗೆ ಭಾರವಾಗಬೇಡ, ಅವಳು ನಿನಗೆ ಭಾರವಾಗಿರಲಿಲ್ಲ ಎನ್ನುತ್ತಾನೆ. ಸವೆದು ನಾಲ್ಕು ಅಕ್ಷರಕ್ಕಿಳಿದಿದ್ದ ಹಾರೈಕೆ ಇಲ್ಲಿ ಒಂದು ಮಗುವಿನ ತೂಕಕ್ಕೆ ಬರುತ್ತದೆ. ಲ್ಯಾಟಿನ್‌ನಲ್ಲಿ ಸಾವಿನ ಬಗ್ಗೆ ಬರೆದದ್ದರಲ್ಲಿ ನನಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಎನ್.ಎಫ್.ಎಫ್.ಎನ್.ಎಸ್.ಎನ್.ಸಿ. ಎಂಬ ಉದ್ದನೆಯ ಸಾಲು ಕಂಡರೆ ಗಾಬರಿ ಬೇಡ. ‘ನೋನ್ ಫುಯಿ, ಫುಯಿ, ನೋನ್ ಸುಮ್, ನೋನ್ ಕೂರೋ’: ಇರಲಿಲ್ಲ, ಇದ್ದೆ, ಇಲ್ಲ, ಚಿಂತೆಯಿಲ್ಲ. ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನ ಅನುಯಾಯಿಗಳ ನಂಬಿಕೆ ಇದರ ಹಿಂದಿದೆ. ಮೊದಲಕ್ಷರ ಬರೆದರೆ ಸಾಕು ಎನ್ನುವಷ್ಟು ಇದು ಜನಕ್ಕೆ ಗೊತ್ತಿತ್ತು.

ರೋಮ್‌ನ ಕ್ಲೌದಿಯಾ ಎಂಬವಳ ಸಮಾಧಿ ಬರಹ ಕ್ರಿ.ಪೂ. 2ನೇ ಶತಮಾನದ್ದು. ಕಲ್ಲು ಕಳೆದುಹೋಗಿದೆ, ನಕಲು ಉಳಿದಿದೆ. ‘ಅಪರಿಚಿತನೇ, ನಾನು ಹೇಳುವುದು ಸ್ವಲ್ಪ, ನಿಂತು ಓದಿ ಮುಗಿಸು’ ಎಂದು ಶುರುವಾಗುತ್ತದೆ. ಚೆಲುವೆಯ ಚೆಲುವಿಲ್ಲದ ಗೋರಿ ಇದು. ಗಂಡನನ್ನು ಮನಸಾರೆ ಪ್ರೀತಿಸಿದಳು. ಇಬ್ಬರು ಮಕ್ಕಳನ್ನು ಹೆತ್ತಳು, ಒಬ್ಬನನ್ನು ಮಣ್ಣಿನ ಮೇಲೆ ಬಿಟ್ಟಿದ್ದಾಳೆ, ಇನ್ನೊಬ್ಬನನ್ನು ಮಣ್ಣಿನ ಕೆಳಗೆ ಇಟ್ಟಿದ್ದಾಳೆ. ಮಾತು ಸೊಗಸು, ನಡಿಗೆ ಹದ. ಮನೆ ನಡೆಸಿದಳು, ಉಣ್ಣೆ ನೂತಳು. ಕೊನೆಗೆ ಎರಡು ಪದ: ‘ದೀಕ್ಸೀ. ಅಬೇಯಿ.’ ಹೇಳಿದೆ. ಹೊರಡು.

ಪ್ರಸಿದ್ಧ ಉಕ್ತಿಗಳಿಗೆ ಅದೇ ಮೂರು ಪ್ರಶ್ನೆ

ಈಗ ಹಚ್ಚೆಗೆ ಬರುವ ಸಾಲುಗಳು. ‘ಮೆಮೆಂತೋ ಮೊರೀ’, ಸಾಯಲಿದ್ದೀಯೆ ಎಂಬುದನ್ನು ನೆನಪಿಡು. ಗೆದ್ದು ಬಂದ ಸೇನಾನಿಯ ರಥದಲ್ಲಿ ಹಿಂದೆ ನಿಂತ ಗುಲಾಮ ಇದನ್ನು ಪಿಸುಗುಟ್ಟುತ್ತಿದ್ದ ಎಂಬ ಕಥೆ ಎಲ್ಲರಿಗೂ ಗೊತ್ತು. 2ನೇ ಶತಮಾನದ ಕೊನೆಗೆ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ದಾಖಲಿಸಿರುವ ಮಾತು ಬೇರೆ: ಹಿಂದೆ ತಿರುಗಿ ನೋಡು, ನೀನು ಮನುಷ್ಯ ಎಂಬುದನ್ನು ನೆನಪಿಡು. ಅದರಲ್ಲಿ ಸಾವೆಂಬ ಪದವೇ ಇಲ್ಲ. ಅದು ಆ ಹೊತ್ತಿಗೆ ದೇವರಂತೆ ಮೆರೆಯುತ್ತಿದ್ದ ಒಬ್ಬನಿಗೆ ಹೇಳಿದ ಮಾತು. ಪೊಂಪೇಯಿಯಲ್ಲಿ ಊಟದ ಮೇಜಿನ ಮೇಲಿದ್ದು ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿರುವ ಮೊಸಾಯಿಕ್ ಚಿತ್ರಕ್ಕೂ ಇದೇ ಹೆಸರು ಅಂಟಿಕೊಂಡಿದೆ. ಗಾರೆಯವರ ಮಟ್ಟಗೋಲು, ಅದರ ತೂಗುಗುಂಡಿನ ಜಾಗದಲ್ಲಿ ತಲೆಬುರುಡೆ, ಕೆಳಗೆ ಚಿಟ್ಟೆ ಮತ್ತು ಚಕ್ರ. ಒಂದು ಕಡೆ ರಾಜದಂಡ ಮತ್ತು ನೇರಳೆ ಬಟ್ಟೆ, ಇನ್ನೊಂದು ಕಡೆ ಭಿಕ್ಷುಕನ ಕೋಲು ಮತ್ತು ಜೋಳಿಗೆ. ಎರಡೂ ಒಂದೇ ಮಟ್ಟ. ಚಿತ್ರದ ಮೇಲೆ ಅಕ್ಷರ ಒಂದೂ ಇಲ್ಲ. ಊಟಕ್ಕೆ ಕೂತವರ ಕಣ್ಣೆದುರಿಗೆ ಇದನ್ನು ಇಟ್ಟಿದ್ದರು ಎಂಬುದು ಮರೆಯಬಾರದ ವಿಷಯ.

‘ಮೊರಿತೂರೀ ತೇ ಸಲೂತಂತ್’, ಸಾಯಲಿರುವವರು ನಿನಗೆ ವಂದಿಸುತ್ತಾರೆ. ಖಡ್ಗಮಲ್ಲರು ಪ್ರತಿ ಸಲ ಅಖಾಡಕ್ಕೆ ಇಳಿಯುವಾಗ ಹೇಳುತ್ತಿದ್ದರು ಎಂದು ಜನ ನಂಬಿದ್ದಾರೆ. ಪುರಾತನ ದಾಖಲೆಗಳಲ್ಲಿ ಸಿಗುವುದು ಒಂದೇ ಪ್ರಸಂಗ. ಕ್ರಿ.ಶ. 52ರಲ್ಲಿ ಫುಕಿನೆ ಸರೋವರದಲ್ಲಿ ಚಕ್ರವರ್ತಿ ಕ್ಲೌದಿಯುಸ್ ಏರ್ಪಡಿಸಿದ್ದ ಹಡಗು ಕಾಳಗದಲ್ಲಿ, ಶಿಕ್ಷೆಗೊಳಗಾದ ಕೈದಿಗಳು ಆಡಿದ ಮಾತು. ರೋಮನ್ ಇತಿಹಾಸಕಾರ ಸ್ವೆತೋನಿಯುಸ್ ಬರೆದಿರುವಂತೆ ಕ್ಲೌದಿಯುಸ್ ‘ಅಥವಾ ಇಲ್ಲ’ ಎಂದುತ್ತರಿಸಿದ. ಕೈದಿಗಳು ಅದನ್ನು ಕ್ಷಮಾದಾನ ಎಂದುಕೊಂಡು ಕಾದಾಡಲು ಒಪ್ಪಲಿಲ್ಲ. ಕೊನೆಗೆ ಬೆದರಿಸಿ, ಪುಸಲಾಯಿಸಿ ಕಾದಾಡಿಸಿದರು. ಇದನ್ನು ತಿಳಿದ ಮೇಲೂ ಆ ಸಾಲನ್ನು ವೀರರ ಘೋಷಣೆಯಂತೆ ಬಳಸಲು ನನಗೆ ಮನಸ್ಸು ಬರುವುದಿಲ್ಲ. ಅದರಲ್ಲಿ ಬದುಕುವ ಆಸೆ ಇದೆ.

‘ಎತ್ ಇನ್ ಅರ್ಕಾದಿಯಾ ಎಗೊ’ ಪುರಾತನ ರೋಮಿನದಲ್ಲ, 17ನೇ ಶತಮಾನದ ಚಿತ್ರಗಳದು. ಆರ್ಕೇಡಿಯಾದಲ್ಲೂ ನಾನಿದ್ದೇನೆ. ಆರ್ಕೇಡಿಯಾ ಎಂದರೆ ಕವಿಗಳ ಕಲ್ಪನೆಯಲ್ಲಿ ಕುರುಬರ ಸುಖದ ನಾಡು. ಯಾರು ಈ ನಾನು? ರೋಮ್‌ನಲ್ಲಿರುವ ಗ್ವೆರ್ಚಿನೋ ಚಿತ್ರದಲ್ಲಿ ಇಬ್ಬರು ಕುರುಬರ ಎದುರು ಒಂದು ತಲೆಬುರುಡೆ ಇದೆ, ಹಾಗಾಗಿ ಮಾತು ಮೃತ್ಯುವಿನದೇ. ಲೂವ್ರ್‌ನಲ್ಲಿರುವ ಪೂಸ್ಸನ್ ಚಿತ್ರದಲ್ಲಿ ಬುರುಡೆ ಮಾಯವಾಗಿ ಶಾಂತವಾದ ಗೋರಿಯೊಂದೇ ಉಳಿದಿದೆ, ಕುರುಬನೊಬ್ಬ ಬೆರಳಿಟ್ಟು ಅಕ್ಷರ ಓದುತ್ತಿದ್ದಾನೆ. ಅಲ್ಲಿ ‘ನಾನು’ ಎಂದರೆ ಗೋರಿಯೊಳಗಿನವನು ಎಂದೇ ಬಹಳ ಜನ ಓದಿದರು. ಸಾಲು ಅದೇ, ಆಡುವವರು ಬದಲಾದರೆ ಬೆದರಿಕೆ ಹೋಗಿ ನೆನಪು ಬರುತ್ತದೆ.

ಜಾಗ ಬದಲಾದರೂ ಹೀಗೇ. ಸೆವಿಲ್ಲೆಯ ಕರಿದಾದ್ ಆಸ್ಪತ್ರೆಯ ಚರ್ಚಿನಲ್ಲಿ ವಾಲ್ದೆಸ್ ಲೆಯಾಲ್ ಬರೆದ ಚಿತ್ರದಲ್ಲಿ ಅಸ್ಥಿಪಂಜರ ಮೇಣದಬತ್ತಿ ಆರಿಸುತ್ತಿದೆ, ಮೇಲೆ ‘ಇನ್ ಇಕ್ತೂ ಒಕುಲೀ’, ಕಣ್ಣು ಮಿಟುಕಿಸುವಷ್ಟರಲ್ಲಿ. ಪದಗಳು ಬಂದದ್ದು ಬೈಬಲ್ಲಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದಿಂದ. ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವುದು ಸತ್ತವರ ಪುನರುತ್ಥಾನ. ‘ವುಲ್ನೆರಂತ್ ಒಮ್ನೇಸ್, ಉಲ್ತಿಮ ನೆಕತ್’, ಎಲ್ಲವೂ ಗಾಯ ಮಾಡುತ್ತವೆ, ಕೊನೆಯದು ಕೊಲ್ಲುತ್ತದೆ, ಎಂಬುದು ಯುರೋಪಿನ ನೆರಳು ಗಡಿಯಾರಗಳ ಮಾತು. ಏನು ಗಾಯ ಮಾಡುತ್ತವೆ ಎಂದು ಹೇಳುವುದೇ ಇಲ್ಲ, ಗಂಟೆಗಳು ಎದುರಿಗೇ ಕೆತ್ತಿರುತ್ತವಲ್ಲ. ಆ ಸಾಲನ್ನು ಗಡಿಯಾರದಿಂದ ದೂರ ಒಯ್ದರೆ ಕರ್ತೃಪದವೇ ಕಳಚಿ ಬೀಳುತ್ತದೆ. ‘ಮೊರ್ಸ್ ಕೆರ್ತ, ಹೋರ ಇನ್‌ಕೆರ್ತ’, ಸಾವು ಖಚಿತ, ಗಳಿಗೆ ಅನಿಶ್ಚಿತ, ಎಂಬುದು ಲೈಪ್ಜಿಗ್ ನಗರದ ಹೊಸ ಪುರಭವನದ ಗಡಿಯಾರದ ಬಳಿ ಇದೆ, ಅಲ್ಲಿ ಅದಕ್ಕೆ ಸರಿಯಾದ ನೆಲೆ. ‘ಸೀಕ್ ತ್ರಾನ್ಸಿತ್ ಗ್ಲೋರಿಯ ಮುಂದೀ’, ಲೋಕದ ವೈಭವ ಹೀಗೆ ಸರಿಯುತ್ತದೆ, ಎನ್ನುವಾಗ ‘ಹೀಗೆ’ ಎಂದರೆ ಹೇಗೆ? ಹೊಸ ಪೋಪ್‌ನ ಕಿರೀಟಧಾರಣೆಯ ಮೆರವಣಿಗೆಯಲ್ಲಿ ನಾರನ್ನು ಅವರ ಕಣ್ಣೆದುರೇ ಸುಟ್ಟು ಹೇಳುತ್ತಿದ್ದ ಮಾತು ಅದು. ಭಗ್ಗನೆ ಹೊತ್ತಿ ತಕ್ಷಣ ಆರುವ ಆ ನಾರೇ ‘ಹೀಗೆ’. ಕೊನೆಯ ಕಿರೀಟಧಾರಣೆ 1963ರಲ್ಲಿ ಆರನೇ ಪಾಲ್ ಅವರದು.

ರೋಮನ್ ಕವಿ ಹೊರೇಸ್‌ನ ಸಾಲುಗಳ ವಿಷಯದಲ್ಲಿ ಇಡೀ ಪದ್ಯ ಓದದೆ ಒಂದು ಸಾಲನ್ನೂ ಎತ್ತಬೇಡಿ. ‘ಪುಲ್ವಿಸ್ ಎತ್ ಉಂಬ್ರ ಸುಮುಸ್’, ನಾವು ಧೂಳು ಮತ್ತು ನೆರಳು, ಎಂಬುದು ವಸಂತದ ಪದ್ಯದ ನಡುವೆ ಬರುತ್ತದೆ. ಹಿಮ ಕರಗಿದೆ, ಹುಲ್ಲು ಮರಳಿದೆ, ಚಂದ್ರ ಕ್ಷೀಣಿಸಿದರೂ ತುಂಬಿಕೊಳ್ಳುತ್ತಾನೆ, ನಾವು ಮಾತ್ರ ಮರಳುವುದಿಲ್ಲ. ಹಸಿರು ಕಣ್ಣೆದುರಿಗಿದ್ದರೆ ಮಾತ್ರ ಧೂಳಿಗೆ ನೋವು. ಬಡವರ ಗುಡಿಸಲನ್ನೂ ಅರಸರ ಗೋಪುರವನ್ನೂ ಸಮನಾಗಿ ಒದೆಯುವ ‘ಪಲ್ಲಿದ ಮೊರ್ಸ್’, ಆ ಬಿಳಿಚಿದ ಸಾವಿನ ಸಾಲನ್ನು ಅವನು ಹೇಳುವುದು ‘ಭಾಗ್ಯವಂತ ಸೆಸ್ತಿಯುಸ್’ ಎಂಬವನಿಗೆ. ಬಡವನಿಗೆ ಹೇಳಿದ್ದರೆ ಅದೇ ಸಾಲು ಕ್ರೂರವಾಗುತ್ತಿತ್ತು. ‘ನೋನ್ ಒಮ್ನಿಸ್ ಮೊರಿಯಾರ್’, ನಾನು ಪೂರ್ತಿ ಸಾಯುವುದಿಲ್ಲ, ಎಂಬುದು ಕವಿ ತನ್ನ ಕಾವ್ಯದ ಬಗ್ಗೆ ಆಡಿದ ಮಾತು. ಒಬ್ಬ ಶಿಕ್ಷಕಿಯ, ಹಾಡುಗಾರನ ಕಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ದೇಶಕ್ಕಾಗಿ ಸಾಯುವುದು ಸವಿ, ಯೋಗ್ಯ ಎನ್ನುವ ‘ದುಲ್ಕೆ ಎತ್ ದೆಕೋರುಮ್’ ಸಾಲನ್ನು ಮಾತ್ರ ಇವತ್ತು ಹಗುರವಾಗಿ ಬಳಸುವ ಹಾಗಿಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿದ್ದು, ಯುದ್ಧ ನಿಲ್ಲುವುದಕ್ಕೆ ಒಂದು ವಾರ ಮುಂಚೆ ಸತ್ತ ಕವಿ ವಿಲ್ಫ್ರೆಡ್ ಓವೆನ್ ಅದನ್ನು ಹಳೆಯ ಸುಳ್ಳು ಎಂದು ಕರೆದಾಗಿದೆ.

ಬಳಸುವ ಮುಂಚೆ

ಮೂಲ ಹುಡುಕಿ. ಸಮಾಧಿ ಬರಹವಾದರೆ ಕ್ಲೌಸ್-ಸ್ಲಾಬಿ ದತ್ತಸಂಚಯದಲ್ಲಿ ಪದ ಹಾಕಿ ನೋಡಬಹುದು, ಬ್ರಿಟನ್ನಿನ ಕಲ್ಲುಗಳಿಗೆ ‘ರೋಮನ್ ಇನ್‌ಸ್ಕ್ರಿಪ್ಷನ್ಸ್ ಆಫ್ ಬ್ರಿಟನ್’ ಜಾಲತಾಣವಿದೆ. ಅಚ್ಚಾದ ಪಠ್ಯದಲ್ಲಿ ದುಂಡು ಆವರಣದೊಳಗಿರುವುದು ಸಂಪಾದಕರು ಬಿಡಿಸಿ ಬರೆದ ಸಂಕ್ಷೇಪ, ಚೌಕ ಆವರಣದೊಳಗಿರುವುದು ಕಲ್ಲಿನಲ್ಲಿ ನಾಶವಾಗಿ ಊಹೆಯಿಂದ ತುಂಬಿದ್ದು. ಚೌಕದೊಳಗಿನದನ್ನು ಖಚಿತ ಎಂದುಕೊಳ್ಳಬೇಡಿ. ಉಕ್ತಿಯಾದರೆ ಕೃತಿ, ಸಾಲಿನ ಸಂಖ್ಯೆ ಸಿಗುವವರೆಗೂ ಬಿಡಬೇಡಿ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡು ಎನ್ನುವ ‘ದೇ ಮೊರ್ತುಯೀಸ್’ ಮಾತು ಮೂಲದಲ್ಲಿ ಗ್ರೀಕಿನದು, ಸ್ಪಾರ್ಟಾದ ಕೈಲಾನ್ ಹೇಳಿದ್ದೆಂದು ಪ್ರತೀತಿ. ಲ್ಯಾಟಿನ್ ರೂಪ ಬಂದದ್ದು 15ನೇ ಶತಮಾನದಲ್ಲಿ, ಇಟಲಿಯ ಸನ್ಯಾಸಿ ಅಂಬ್ರೋಜೋ ತ್ರವೆರ್ಸಾರಿಯ ಅನುವಾದದಿಂದ. ಇವತ್ತು ನನಗೆ, ನಾಳೆ ನಿನಗೆ ಎನ್ನುವ ‘ಹೊದಿಯೇ ಮಿಹಿ, ಕ್ರಾಸ್ ತಿಬಿ’ ಲ್ಯಾಟಿನ್ ಬೈಬಲ್ಲಿನ ಸಿರಾಖನ ಪುಸ್ತಕದಲ್ಲಿ ‘ನಿನ್ನೆ ನನಗೆ, ಇವತ್ತು ನಿನಗೆ’ ಎಂದಿದೆ. ನಾಳೆ ಎಂಬ ಒಂದು ದಿನದ ಬಿಡುವೂ ಅಲ್ಲಿಲ್ಲ.

ವ್ಯಾಕರಣವನ್ನು ಯಂತ್ರಾನುವಾದಕ್ಕೆ ಬಿಡಬೇಡಿ. ಗಂಡಸಿಗೆ ‘ಸಿತುಸ್’, ಹೆಂಗಸಿಗೆ ‘ಸಿತ’. ಮಗನಿಗೆ ‘ಫೀಲಿಯೋ ದುಲ್ಕಿಸ್ಸಿಮೋ’, ಮಗಳಿಗೆ ‘ಫೀಲಿಯೈ ದುಲ್ಕಿಸ್ಸಿಮೈ’, ತುಂಬ ಮುದ್ದಿನ ಎಂದರ್ಥ. ಒಬ್ಬರಿಗೆ ‘ರೆಕ್ವಿಯೆಸ್ಕಾತ್’, ಇಬ್ಬರು ಒಟ್ಟಿಗಿದ್ದರೆ ‘ರೆಕ್ವಿಯೆಸ್ಕಂತ್’. ಎರಡು ಉಕ್ತಿಗಳನ್ನು ಜೋಡಿಸಿ ಹೊಸದೊಂದು ಮಾಡಬೇಡಿ. ಯಾವುದನ್ನು ಆರಿಸಲಿ ಎಂದು ಕೇಳಿದರೆ, ತೀರಿಕೊಂಡವರ ಕಲ್ಲಿಗೆ ನಾನು ಸೂಚಿಸುವುದು ಗಂಭೀರ ಉಪದೇಶವನ್ನಲ್ಲ. ಅವರ ಹೆಸರು ಚತುರ್ಥಿಯ ರೂಪದಲ್ಲಿ, ಬದುಕಿದ ವರ್ಷ ತಿಂಗಳು ದಿನ, ಕಲ್ಲು ಮಾಡಿಸಿದ ನಿಮ್ಮ ಹೆಸರು, ಕೊನೆಗೆ ಎಸ್.ಟಿ.ಟಿ.ಎಲ್. ಇನ್ನೂ ಒಂದು ಮಾತು ಬೇಕೆನಿಸಿದರೆ, ದೂರದ ಟ್ರಾಯ್ ಸೀಮೆಯಲ್ಲಿದ್ದ ಸಹೋದರನ ಸಮಾಧಿಗೆ ಹೋಗಿ ಕವಿ ಕತುಲ್ಲುಸ್ ಹೇಳಿದ ‘ಅವೇ ಅತ್ಕ್ವೆ ವಲೇ’, ವಂದನೆ ಮತ್ತು ವಿದಾಯ. ಅದರಲ್ಲಿ ಹೇಳುವವರು ನೀವು, ಕೇಳುವವರು ಅವರು.

ಕೆತ್ತುವವರ ಕೈಗೆ ಕೊಡುವಾಗ ಟೈಪ್ ಮಾಡಿದ ಒಂದೇ ಸಾಲು ಕೊಡಬೇಡಿ. ಕಲ್ಲಿನ ಅಗಲಕ್ಕೆ ಸರಿಯಾಗಿ ಚೌಕುಳಿ ಕಾಗದದಲ್ಲಿ ದೊಡ್ಡಕ್ಷರಗಳಲ್ಲಿ ಬರೆದು, ಪದಗಳ ನಡುವೆ ಚುಕ್ಕೆ ಎಲ್ಲಿ ಬರಬೇಕೆಂದು ಗುರುತಿಸಿ ಕೊಡಿ. ಚುಕ್ಕೆ ಸಾಲಿನ ನಡುಮಟ್ಟದಲ್ಲಿ ಇರಲಿ, ತಳದಲ್ಲಿ ಬೇಡ; ವಾಕ್ಯದ ಕೊನೆಗೆ ಅದು ಬೇಕಿಲ್ಲ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಪದವನ್ನು ಒಡೆದು ಮುಂದಿನ ಸಾಲಿಗೆ ತರಬಹುದು, ಅಡ್ಡಗೆರೆ ಬೇಡ. ಫಕಿಲಿಸ್‌ನ ಹೆಸರನ್ನು ‘ಫಕಿ’ ಎಂದು ಒಂದು ಸಾಲಿನಲ್ಲಿ, ‘ಲಿಸ್’ ಎಂದು ಮುಂದಿನ ಸಾಲಿನಲ್ಲಿ ಒಡೆದು ಕೆತ್ತಿದ್ದಾರೆ.